ಹನ್ನೊಂದು ಹುಡುಗಿಯರು, ಒಂದು ಬಕೆಟ್ಟು, ಒಂದು ನಾಯಿ

ಹೊಸದಾಗಿ ದೈಹಿಕ ಶಿಕ್ಷಕಿಯರಾಗಿ ನೇಮಕವಾದ ಇಬ್ಬರು ಹುಡುಗಿಯರು ಕಳೆದ ತಿಂಗಳು ಮನೆಗೆ ಬಂದು, ಕೆಲಸದ ಬಗ್ಗೆ ಏನಾದರೂ ಹೇಳಿ ಮೇಡಂ ಎಂದು ಕೇಳಿದರು. ಕಾಫಿ ಕೊಟ್ಟು ಕಳಿಸಿದೆ. ಹೇಳುವುದು ಬೇಕಾದಷ್ಟಿತ್ತು, ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಅವರು ಹೋದ ಮೇಲೆ ನಾಚಿಕೆಯಾಯಿತು. ಅದಕ್ಕೇ ಈ ಬರಹ.

ನನ್ನ ಹೆಸರು ಸರೋಜಮ್ಮ. ಹಳೇಬೀಡಿಗೂ ಮಾದಿಹಳ್ಳಿಗೂ ನಡುವಿನ ಒಂದು ಹೈಸ್ಕೂಲಿನಲ್ಲಿ ಬಹುಪಾಲು ಸೇವೆ ಕಳೆದವಳು. ಅಷ್ಟು ವರ್ಷ ಆ ಹೆಸರಿನಿಂದ ನನ್ನನ್ನು ಕರೆದದ್ದು ಸಂಬಳದ ಪಟ್ಟಿ ಮಾತ್ರ. ಉಳಿದವರಿಗೆಲ್ಲ ನಾನು ಪೀಟಿ ಮೇಡಂ. ಟ್ರೈನಿಂಗಿನಲ್ಲಿ ನಮಗೆ ಲೇಜಿಮ್, ಡಂಬಲ್ಸ್, ಪಥಸಂಚಲನ ಕಲಿಸಿದ್ದರು. ಕೆಲಸಕ್ಕೆ ಸೇರಿದ ಮೇಲೆ ಮಾಡಿದ್ದೇ ಬೇರೆ: ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ತಡವಾಗಿ ಬಂದವರನ್ನು ಗೇಟಿನಲ್ಲಿ ಹಿಡಿಯುವುದು, ಗಣಿತದ ಮೇಷ್ಟ್ರು ರಜೆ ಹಾಕಿದರೆ ಅವರ ಕ್ಲಾಸಿನಲ್ಲಿ ಹೋಗಿ ಸುಮ್ಮನೆ ಕೂರುವುದು. ಆಗಸ್ಟ್ ಹದಿನೈದರಂದು ಬಾವುಟದ ಹಗ್ಗ ತುದಿಯಲ್ಲಿ ಸಿಕ್ಕಿಕೊಂಡರೆ ಎಲ್ಲರೂ ತಿರುಗಿ ನೋಡುವುದು ಪೀಟಿ ಮೇಡಂ ಕಡೆಗೆ, ಬಾವುಟ ಕಟ್ಟಿದವರು ಡ್ರಾಯಿಂಗ್ ಮೇಷ್ಟ್ರಾಗಿದ್ದರೂ ಸರಿ. ಇದಕ್ಕೆಲ್ಲ ಸಿಟ್ಟು ಮಾಡಿಕೊಳ್ಳಬೇಡಿ. ನಾನು ಮಾಡಿಕೊಂಡೆ, ಏನೂ ಉಪಯೋಗವಾಗಲಿಲ್ಲ.

ನಿಜವಾದ ಸಿಟ್ಟು ಇದ್ದದ್ದು ಒಂದೇ ವಿಷಯಕ್ಕೆ, ಮೈದಾನಕ್ಕೆ. ನಮ್ಮ ಶಾಲೆಗೆ ಒಳ್ಳೆ ಮೈದಾನವಿತ್ತು, ಅದು ಪೂರ್ತಿ ಗಂಡುಹುಡುಗರದು. ಹೆಣ್ಣುಮಕ್ಕಳಿಗೆ ಕೊಟ್ಟದ್ದು ನೀರಿನ ಟ್ಯಾಂಕಿಗೂ ಕಾಂಪೌಂಡಿಗೂ ನಡುವಿನ ಒಂದು ಪಟ್ಟಿ ಜಾಗ. ಅಲ್ಲಿ ಥ್ರೋಬಾಲ್ ಆಡಿದರೆ ಒಂದು ಕಡೆಯ ಟೀಮಿನ ಅರ್ಧ ಜನ ಟ್ಯಾಂಕಿನ ಹಿಂದೆ ನಿಂತಿರಬೇಕಾಗಿತ್ತು. ಬಾಲು ಬರುವುದು ಅವರಿಗೆ ಕಾಣುತ್ತಿರಲಿಲ್ಲ, ಕೇಳಿಸುತ್ತಿತ್ತು. ಆಗಿನ ಹೆಡ್‌ಮಾಸ್ಟರು ಶ್ರೀಕಂಠಯ್ಯನವರು ಕೆಟ್ಟವರಲ್ಲ, ಆದರೆ ಅವರಿಗೆ ಎಲ್ಲದಕ್ಕೂ ಒಂದು ನಿಯಮ ಬೇಕು. ಮೈದಾನದ ನಿಯಮವೇನೆಂದರೆ, ಜಿಲ್ಲಾ ಮಟ್ಟಕ್ಕೆ ಹೋದ ಟೀಮಿಗೆ ಸಂಜೆ ಮೈದಾನ. ಹುಡುಗರು ವಾಲಿಬಾಲಿನಲ್ಲಿ ವರ್ಷ ವರ್ಷ ಹೋಗುತ್ತಿದ್ದರು. ನಮ್ಮ ಹುಡುಗಿಯರು ಬೇಲೂರಿನ ತಾಲ್ಲೂಕು ಮಟ್ಟದಲ್ಲೇ ಸೋತು ಮಧ್ಯಾಹ್ನದ ಬಸ್ಸಿಗೆ ವಾಪಸ್ಸು ಬರುತ್ತಿದ್ದರು. ಟ್ಯಾಂಕಿನ ಹಿಂದೆ ಅಭ್ಯಾಸ ಮಾಡಿದವರು ಗೆಲ್ಲುವುದು ಹೇಗೆ ಎಂದು ಕೇಳಿದರೆ, ಮೊದಲು ಗೆದ್ದು ಬನ್ನಿ, ಆಮೇಲೆ ಜಾಗ ಎನ್ನುತ್ತಿದ್ದರು.

ತೊಂಬತ್ತರ ದಶಕದ ನಡುವಿನಲ್ಲಿ ಒಂದು ದಿನ ಬಾಲು ಕಾಂಪೌಂಡು ಹಾರಿ ರಸ್ತೆಗೆ ಬಿತ್ತು. ಹಳೇಬೀಡಿನ ದೇವಸ್ಥಾನ ನೋಡಿ ಹಾಗೇ ಊರು ನೋಡುತ್ತ ನಡೆದು ಬರುತ್ತಿದ್ದ ಒಬ್ಬ ವಿದೇಶಿ ಹೆಂಗಸು ಅದನ್ನು ಕಾಲಿನಿಂದಲೇ ಮೇಲೆತ್ತಿದರು. ಐವತ್ತು ದಾಟಿದ ವಯಸ್ಸು, ತುಂಡು ಕೂದಲು. ಬಾಲನ್ನು ಮಂಡಿಯ ಮೇಲೆ ಎರಡು ಸಲ ಕುಣಿಸಿ, ಒದ್ದು, ನೇರವಾಗಿ ನನ್ನ ಕೈಗೆ ಕಳಿಸಿದರು. ಹುಡುಗಿಯರು ಬಾಯಿ ತೆರೆದುಕೊಂಡು ನಿಂತರು. ನಾನು ಗೇಟಿನವರೆಗೆ ಹೋಗಿ ಆ ಅಮ್ಮನಿಗೆ ಚೆನ್ನಾಗಿ ಬೈದೆ. ಥ್ರೋಬಾಲನ್ನು ಒದೆಯುವುದು ನನ್ನ ಮೈದಾನದಲ್ಲಿ ಅಪರಾಧ, ಹೊಲಿಗೆ ಬಿಟ್ಟುಹೋಗುತ್ತದೆ. ‘ನೋ ಕಿಕ್, ಓನ್ಲಿ ಹ್ಯಾಂಡ್’ ಎಂದು ಬೆರಳಾಡಿಸಿದೆ. ಆಕೆ ತುಂಬಾ ಗಂಭೀರವಾಗಿ ತಲೆಯಾಡಿಸಿ, ಒಳಗೆ ಬಂದು ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಶಾಲೆ ಬಿಡುವವರೆಗೂ ನಮ್ಮ ಆಟ ನೋಡಿದರು.

ಮರುದಿನ ಬೆಳಿಗ್ಗೆ ಮತ್ತೆ ಬಂದು ನನ್ನ ಕೈಗೆ ಒಂದು ದಪ್ಪ ಪುಸ್ತಕ ಕೊಟ್ಟರು. ಅರ್ಥವಾದಷ್ಟು ಇಂಗ್ಲಿಷಿನಲ್ಲಿ ತಿಳಿದದ್ದು ಇಷ್ಟು: ಆಕೆಯ ಹೆಸರು ಕಾರ್ಮೆನ್, ಊರು ಸ್ಪೇನ್ ದೇಶದಲ್ಲಿ, ಹರೆಯದಲ್ಲಿ ಅಲ್ಲಿಯ ಹೆಂಗಸರ ಫುಟ್‌ಬಾಲ್ ಕ್ಲಬ್ಬೊಂದರಲ್ಲಿ ಆಡಿದವರು, ಇದು ಆ ಕ್ಲಬ್ಬಿನ ಇತಿಹಾಸ. ಮೊದಲ ಪುಟದ ಗುಂಪು ಫೋಟೋದಲ್ಲಿ ಹಿಂದಿನ ಸಾಲಿನ ಒಬ್ಬಳ ಮೇಲೆ ಬೆರಳಿಟ್ಟು, ಅದೇ ಬೆರಳನ್ನು ತಮ್ಮ ಎದೆಗೆ ಇಟ್ಟುಕೊಂಡರು. ಆಮೇಲೆ ಟ್ಯಾಂಕಿನ ಕಡೆ ತೋರಿಸಿ, ಮೈದಾನದ ಕಡೆ ತೋರಿಸಿ, ಹುಬ್ಬೇರಿಸಿದರು. ನಾನು ಹೆಡ್‌ಮಾಸ್ಟರ ಕೋಣೆಯ ಕಡೆ ತೋರಿಸಿದೆ. ಆಕೆಗೆ ಪೂರ್ತಿ ಅರ್ಥವಾಯಿತು. ಆ ಕ್ಲಬ್ಬಿನ ಹೆಸರು ಇಲ್ಲಿ ಬರೆಯುತ್ತಿಲ್ಲ, ಬರೆದರೂ ನನಗೆ ಸರಿಯಾಗಿ ಹೇಳಲು ಬಾರದು.

ಪುಸ್ತಕ ಸ್ಟಾಫ್ ರೂಮಿನಲ್ಲಿ ಒಂದು ಸುತ್ತು ಬಂತು. ಇಂಗ್ಲಿಷ್ ಮೇಷ್ಟ್ರು ಕನ್ನಡಕ ಏರಿಸಿ ಎರಡು ಪುಟ ಓದಿ, ಅಕ್ಷರ ಎಲ್ಲ ನಮ್ಮವೇ, ಆದರೆ ಒಂದು ಮಾತೂ ಗುರುತಿಲ್ಲ ಎಂದು ವಾಪಸ್ಸು ಕೊಟ್ಟರು. ಹಾಗಾಗಿ ಆ ಇತಿಹಾಸವನ್ನು ನಾವು ಓದಿದ್ದು ಫೋಟೋಗಳಲ್ಲಿ.

ಇದಾದ ಒಂದೆರಡು ತಿಂಗಳಿಗೆ ಸುತ್ತೋಲೆ ಬಂತು. ಈ ವರ್ಷದಿಂದ ಬಾಲಕಿಯರ ಫುಟ್‌ಬಾಲ್ ಸೇರಿಸಿದೆ, ತಾಲ್ಲೂಕಿನಲ್ಲಿ ಒಂದೇ ತಂಡವಿದ್ದರೆ ಅದನ್ನು ನೇರವಾಗಿ ಜಿಲ್ಲಾ ಮಟ್ಟಕ್ಕೆ ಕಳಿಸುವುದು, ನಿಯಮಗಳು ಎಂದಿನಂತೆ. ನಾನು ಅದನ್ನು ಹಿಡಿದುಕೊಂಡು ಶ್ರೀಕಂಠಯ್ಯನವರ ಮುಂದೆ ನಿಂತೆ. ತಾಲ್ಲೂಕಿನಲ್ಲಿ ಬೇರೆ ಯಾರೂ ತಂಡ ಮಾಡುವುದಿಲ್ಲ, ನಾವು ಮಾಡಿದರೆ ಜಿಲ್ಲಾ ಮಟ್ಟ, ಜಿಲ್ಲಾ ಮಟ್ಟ ಎಂದರೆ ಮೈದಾನ. ಅವರು ತಮ್ಮ ನಿಯಮವನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದರು. ಎಲ್ಲೂ ತೂತು ಸಿಗಲಿಲ್ಲ.

‘ಏನ್ರೀ ಮೇಡಂ, ನಿಮಗೆ ಫುಟ್‌ಬಾಲ್ ಬರುತ್ತೇನ್ರೀ?’ ಎಂದರು.

‘ಪುಸ್ತಕ ಇದೆ ಸಾರ್’ ಎಂದೆ.

ಅದು ನನ್ನ ವೃತ್ತಿಜೀವನದ ಅತಿ ದೊಡ್ಡ ಪ್ರಮಾದದ ಮೊದಲ ಮಾತು. ಟ್ರೈನಿಂಗಿನಲ್ಲಿ ಫುಟ್‌ಬಾಲ್ ಇದ್ದದ್ದು ಗಂಡಸರಿಗೆ, ನಮಗೆ ಆ ಹೊತ್ತಿನಲ್ಲಿ ರಿಂಗ್ ಟೆನ್ನಿಸ್. ಟಿವಿಯಲ್ಲಿ ವಿಶ್ವಕಪ್ ನೋಡಿದ್ದೆ, ಕೈ ತಾಗಿಸಬಾರದು, ಬಲೆಗೆ ಹೊಡೆಯಬೇಕು ಎಂಬುದು ಗೊತ್ತಿತ್ತು. ಆದರೆ ಅದು ಗಂಡಸರ ಆಟ. ನಮ್ಮ ಕಸುಬಿನಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು. ಗುಂಡು ಎಸೆತದಲ್ಲಿ ಗುಂಡಿನ ತೂಕ ಬೇರೆ, ಹರ್ಡಲ್ಸಿನ ಎತ್ತರ ಬೇರೆ, ಜಾವೆಲಿನ್ನಿನ ಉದ್ದ ಬೇರೆ. ಇದನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಹೆಂಗಸರ ಫುಟ್‌ಬಾಲಿನಲ್ಲೂ ಏನೋ ವ್ಯತ್ಯಾಸ ಇದ್ದೇ ಇರಬೇಕು, ಅದು ಈ ಪುಸ್ತಕದಲ್ಲಿದೆ ಎಂದು ನಂಬಿದೆ.

ವ್ಯತ್ಯಾಸ ಹುಡುಕುವುದು ಕಷ್ಟವಾಗಲಿಲ್ಲ. ಮೊದಲ ಪುಟದ ಫೋಟೋದಲ್ಲಿ ಎರಡು ಸಾಲಾಗಿ ಹನ್ನೊಂದು ಜನ, ಕೈಕಟ್ಟಿಕೊಂಡು. ಎಡಗಡೆ ಒಂದು ನಾಯಿ ಕೂತಿದೆ. ಬಲಗಡೆ ಏಪ್ರನ್ ಕಟ್ಟಿಕೊಂಡ ಒಬ್ಬ ದಪ್ಪ ಹೆಂಗಸು, ಕೈ ಮುಂದೆ ಚಾಚಿದ್ದಾಳೆ, ಅವಳ ಮುಂದೆ ಒಂದು ಬಕೆಟ್ಟು. ಮುಂದಿನ ಸಾಲಿನ ಒಬ್ಬಳ ತಲೆಗೆ ಬಿಳಿ ಪಟ್ಟಿ ಸುತ್ತಿದೆ. ಇದು ಒಂದೇ ಫೋಟೋದಲ್ಲಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆ. ಮೂರು ವರ್ಷದ ಫೋಟೋಗಳಲ್ಲಿ ಅದೇ ನಾಯಿ, ಅದೇ ಜಾಗದಲ್ಲಿ. ತಲೆಪಟ್ಟಿ ಎರಡು ವರ್ಷ, ಬೇರೆ ಬೇರೆಯವರಿಗೆ. ಒಂದು ಸಲ ಆದರೆ ಆಕಸ್ಮಿಕ, ಮತ್ತೆ ಮತ್ತೆ ಆದರೆ ನಿಯಮ ಎಂದು ಹುಡುಗಿಯರಿಗೆ ವಿವರಿಸಿದೆ. ಅವರು ನೋಟ್ ಬುಕ್ಕಿನಲ್ಲಿ ಬರೆದುಕೊಂಡರು.

ಇನ್ನೊಂದು ಫೋಟೋದಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಗುಡ್ಡೆಯಾಗಿದ್ದರು. ಗೋಲಾದ ಸಂತೋಷಕ್ಕೆ ಹಾಗೆ ಬೀಳುತ್ತಾರೆ ಎಂದು ಇವತ್ತು ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ನಾವು ಅದನ್ನು ಬಾಲು ಮುಚ್ಚಿಡುವ ವಿಧಾನ ಎಂದುಕೊಂಡು ಎರಡು ವಾರ ಅಭ್ಯಾಸ ಮಾಡಿದೆವು. ಎದುರಾಳಿ ಹತ್ತಿರ ಬಂದ ಕೂಡಲೇ ನಾನು ಸೀಟಿ ಊದಬೇಕು, ಒಬ್ಬಳು ಬಾಲಿನ ಮೇಲೆ ಬೀಳಬೇಕು, ಉಳಿದವರು ಅವಳ ಮೇಲೆ. ಅಡಿಯಲ್ಲಿ ಬೀಳುವ ಕೆಲಸ ಒಂಬತ್ತನೇ ಕ್ಲಾಸಿನ ಮಂಜುಳನದು. ಗಟ್ಟಿ ಹುಡುಗಿ, ಗೋಲು ಕಾಯುವುದಕ್ಕೂ ಅವಳೇ. ತಲೆಪಟ್ಟಿಗೆ ಪುಟ್ಟಲಕ್ಷ್ಮಿಯನ್ನು ಆರಿಸಿದೆ, ಅವಳ ಹಣೆ ಅಗಲ, ಪಟ್ಟಿ ಜಾರುತ್ತಿರಲಿಲ್ಲ. ನಾಯಿ ಹುಡುಕಬೇಕಾಗಲಿಲ್ಲ. ಶಾಲೆಯ ಗೇಟಿನಲ್ಲಿ ಮಲಗುತ್ತಿದ್ದ ಕೆಂಚ ಇದ್ದ. ಅವನನ್ನು ಎಡಗಡೆ ಕೂರಿಸುವುದನ್ನು ಕಲಿಸುವುದಕ್ಕೇ ಹೆಚ್ಚು ಸಮಯ ಹಿಡಿಯಿತು. ಹುಡುಗಿಯರಿಗೆ ಬಾಲು ಒದೆಯುವುದನ್ನು ಅಷ್ಟು ಶ್ರದ್ಧೆಯಿಂದ ಕಲಿಸಿದ್ದರೆ ಚೆನ್ನಾಗಿತ್ತು.

ಮಂಜುಳನ ತಾಯಿ ಗಂಗಮ್ಮ ಒಂದು ದಿನ ಶಾಲೆಗೇ ಬಂದರು. ಮಗಳು ಜಿಲ್ಲಾ ಮಟ್ಟದ ಪಂದ್ಯಕ್ಕೆ ಅರಸೀಕೆರೆಗೆ ಹೋಗಿ ಹುಡುಗರ ಹಾಗೆ ಚೆಂಡು ಒದೆಯುವುದು ಅವರಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಆ ಪುಸ್ತಕ ಎಲ್ಲಿ ತೋರಿಸಿ ಎಂದರು. ಮೊದಲ ಪುಟ ತೆಗೆದುಕೊಟ್ಟೆ. ಚಡ್ಡಿ ಹಾಕಿದ ಹೆಂಗಸರನ್ನು ನೋಡಿ ಪುಸ್ತಕ ಎಸೆಯುತ್ತಾರೇನೋ ಎಂದು ಹಿಡಿಯಲು ತಯಾರಾಗಿ ನಿಂತೆ. ಗಂಗಮ್ಮ ಆ ಹನ್ನೊಂದು ಜನರನ್ನು ನೋಡಲೇ ಇಲ್ಲ. ಅವರ ಕಣ್ಣು ಬಕೆಟ್ಟಿನ ಹೆಂಗಸಿನ ಮೇಲೆ ನಿಂತಿತು.

‘ದೊಡ್ಡೋರು ಒಬ್ರು ಜೊತೇಲಿ ಓಯ್ತಾರಾ?’ ಎಂದು ಕೇಳಿದರು.

‘ಹೋಗಲೇಬೇಕಮ್ಮ, ನಿಯಮ ಇದೆ’ ಎಂದೆ.

‘ಅಂಗಾರೆ ನಾನೇ ಬತ್ತೀನಿ. ಬಕೀಟು ನಮ್ಮನೇದೇ ಐತೆ.’

ಒಬ್ಬ ತಾಯಿ ಬಕೆಟ್ಟು ಹಿಡಿದು ಹೊರಟ ಮೇಲೆ ಉಳಿದ ಮನೆಗಳ ಬಾಯಿ ತಾನಾಗಿ ಮುಚ್ಚಿತು. ಯಾವ ಸುತ್ತೋಲೆಯೂ ಮಾಡದ ಕೆಲಸವನ್ನು ಆ ಏಪ್ರನ್ನಿನ ಹೆಂಗಸು ಮಾಡಿದ್ದಳು.

ಹೊರಡುವ ಹಿಂದಿನ ದಿನ ಗುಂಪು ಫೋಟೋ ತೆಗೆಸಿದೆ. ದೇವಸ್ಥಾನದ ಮುಂದೆ ಪ್ರವಾಸಿಗಳ ಫೋಟೋ ತೆಗೆಯುತ್ತಿದ್ದ ಬಷೀರ್ ಸಾಹೇಬರನ್ನು ಕರೆಸಿದ್ದೆ. ಆಟದ ಅಭ್ಯಾಸಕ್ಕೆಂದು ಹೆಡ್‌ಮಾಸ್ಟರು ಮೈದಾನದ ಅರ್ಧ ಭಾಗವನ್ನು ತಾತ್ಕಾಲಿಕವಾಗಿ ಬಿಟ್ಟುಕೊಟ್ಟಿದ್ದರು. ಅಲ್ಲಿ ನೀಲಗಿರಿ ಕಂಬದ ಗೋಲು ನೆಟ್ಟಿದ್ದೆವು. ಅದರ ಮುಂದೆ, ಹಿಂದೆ ಶಾಲೆಯ ಬೋರ್ಡು ಕಾಣುವ ಹಾಗೆ, ಪುಸ್ತಕ ತೆರೆದಿಟ್ಟುಕೊಂಡು ಒಬ್ಬೊಬ್ಬರನ್ನೇ ನಿಲ್ಲಿಸಿದೆ. ಚೂಡಿದಾರ್ ಹಾಕಿ ವೇಲು ಸೊಂಟಕ್ಕೆ ಬಿಗಿದ ಹನ್ನೊಂದು ಹುಡುಗಿಯರು ಎರಡು ಸಾಲು, ಕೈಕಟ್ಟು. ಪುಟ್ಟಲಕ್ಷ್ಮಿಗೆ ಪಟ್ಟಿ. ಎಡಗಡೆ ಕೆಂಚ. ಬಲಗಡೆ ಗಂಗಮ್ಮ, ಕೈ ಮುಂದೆ ಚಾಚಿ, ಮುಂದೆ ಬಕೆಟ್ಟು. ಕೈ ಯಾಕೆ ಚಾಚಬೇಕು ಎಂದು ಗಂಗಮ್ಮ ಕೇಳಿದರು. ಆಶೀರ್ವಾದ ಇರಬಹುದು ಎಂದೆ. ಬಷೀರ್ ಸಾಹೇಬರು ಒಂದು ಮಾತೂ ಆಡದೆ ಕ್ಲಿಕ್ಕಿಸಿದರು. ವಿದೇಶಿಯರನ್ನು ಕಂಬದ ಮುಂದೆ ಶಿಲಾಬಾಲಿಕೆಯ ಭಂಗಿಯಲ್ಲಿ ನಿಲ್ಲಿಸಿ ಅಭ್ಯಾಸವಿದ್ದ ಮನುಷ್ಯ.

ಮರುದಿನ ಬೆಳಿಗ್ಗೆ ಹುಡುಗಿಯರು ಗಣೇಶನಿಗೆ ಕಾಯಿ ಒಡೆದರು. ನಮ್ಮ ಮನೆಯಲ್ಲಿ ಬುದ್ಧನ ಫೋಟೋ ಬಿಟ್ಟರೆ ಬೇರೆ ದೇವರಿಲ್ಲ, ಆದರೂ ಅವತ್ತು ನಾನೂ ಕೈ ಮುಗಿದೆ. ಬಸ್ಸಿನಲ್ಲಿ ಕಂಡಕ್ಟರು ನಾಯಿಯನ್ನು ಹತ್ತಿಸುವುದಿಲ್ಲ ಎಂದು ಹಠ ಹಿಡಿದ. ಕ್ರೀಡಾ ಇಲಾಖೆ ಎಂದೆ. ಅವನು ಸುತ್ತೋಲೆ ಕೇಳಿದ, ತೋರಿಸಿದೆ. ‘ನಿಯಮಗಳು ಎಂದಿನಂತೆ’ ಎಂಬಲ್ಲಿ ಬೆರಳಿಟ್ಟೆ. ಅವನು ಎರಡು ಸಲ ಓದಿ ದಾರಿ ಬಿಟ್ಟ.

ಅರಸೀಕೆರೆಯ ಮೈದಾನಕ್ಕೆ ಹೋದಾಗ ಗೊತ್ತಾಯಿತು, ಇಡೀ ಜಿಲ್ಲೆಯಿಂದ ಬಂದಿರುವುದು ನಮ್ಮದೂ ಸೇರಿ ಎರಡೇ ತಂಡ. ಅವರಿಗೆ ಬೂಟಿತ್ತು, ನಮ್ಮದು ಬರಿಗಾಲು. ಅವರಿಗೆ ಆಟ ಬರುತ್ತಿತ್ತು. ರೆಫರಿ ನನ್ನ ಹಾಗೇ ಒಬ್ಬ ಪೀಟಿ ಮೇಷ್ಟ್ರು, ಬಹಳ ಶಿಸ್ತಿನವರು. ಮೊದಲ ಸಲ ನಮ್ಮವರು ಬಾಲಿನ ಮೇಲೆ ಗುಡ್ಡೆ ಬಿದ್ದಾಗ ಅವರು ಸೀಟಿ ಬಾಯಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತ ನಿಂತುಬಿಟ್ಟರು. ಊದುವುದಕ್ಕೆ ಯಾವ ತಪ್ಪು ಎಂದು ಹೊಳೆಯಬೇಕಲ್ಲ. ಗುಡ್ಡೆ ಬಿಡಿಸಿ ನೋಡಿದರೆ ಅಡಿಯಲ್ಲಿ ಮಂಜುಳ ಇದ್ದಳು, ಬಾಲು ಇರಲಿಲ್ಲ. ಅದು ಯಾವಾಗಲೋ ನಮ್ಮ ಗೋಲಿನಲ್ಲಿತ್ತು. ಹೀಗೇ ಒಂಬತ್ತು ಗೋಲು ಆದವು.

ಕೊನೆಕೊನೆಗೆ ಒಂದು ವಿಚಿತ್ರ ನಡೆಯಿತು. ಬಾಲು ಹೇಗೋ ಪುಟ್ಟಲಕ್ಷ್ಮಿಯ ಕಾಲಿಗೆ ಸಿಕ್ಕಿತು. ಎದುರು ತಂಡದ ಹುಡುಗಿಯರು ಒಳ್ಳೆಯ ಮನೆತನದವರು, ತಲೆಪಟ್ಟಿ ನೋಡಿ, ತಲೆ ಒಡೆದುಕೊಂಡ ಮಗುವನ್ನು ತಳ್ಳಲು ಯಾರಿಗೂ ಮನಸ್ಸಾಗಲಿಲ್ಲ. ಒಬ್ಬೊಬ್ಬಳೂ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಪುಟ್ಟಲಕ್ಷ್ಮಿ ಒಬ್ಬಳೇ ಗೋಲಿನ ಹತ್ತಿರ ಬಂದಳು. ಗೋಲಿನ ಹುಡುಗಿ, ನೋಯುತ್ತಾ ಅಕ್ಕ ಎಂದು ಕೇಳಿದಳಂತೆ. ಅಷ್ಟರಲ್ಲಿ ಎಡಗಡೆ ಕೂತು ಕೂತು ಬೇಸತ್ತ ಕೆಂಚ ಬಾಲಿನ ಹಿಂದೆ ಬಂದ. ಅವಳು ಕಿರುಚಿ ಕಂಬ ತಬ್ಬಿಕೊಂಡಳು. ಬಾಲು ಒಳಗೆ ಹೋಯಿತು.

ರೆಫರಿ ಗೋಲು ರದ್ದು ಎಂದರು. ನಾನು ಪುಸ್ತಕ ಹಿಡಿದು ಮೈದಾನಕ್ಕೆ ನುಗ್ಗಿದೆ. ಹೆಂಗಸರ ಫುಟ್‌ಬಾಲಿನಲ್ಲಿ ನಾಯಿ ಇರುತ್ತದೆ, ನೋಡಿ, ಒಂದು ವರ್ಷವಲ್ಲ, ಮೂರು ವರ್ಷ ಎಂದು ಪುಟ ತಿರುವಿ ತೋರಿಸಿದೆ. ವಿದೇಶಿ ಪುಸ್ತಕ, ಮೇಲೆ ಲಾಂಛನ ಬೇರೆ. ಅವರು ಬೆವರು ಒರೆಸಿಕೊಂಡು, ನಮಗೆ ಕಳಿಸಿದ ನಿಯಮಾವಳಿಯಲ್ಲಿ ಈ ಪುಟ ಇಲ್ಲ ಮೇಡಂ ಎಂದರು. ಬಿಟ್ಟುಹೋಗಿರಬಹುದು ಎಂದೆ. ಇಬ್ಬರೂ ಮೇಜಿನ ಹತ್ತಿರ ಹೋದೆವು. ಅಲ್ಲಿ ಸ್ಕೋರು ಬರೆಯುವವರು ಆಗಲೇ ಒಂಬತ್ತು–ಒಂದು ಎಂದು ಶಾಯಿಯಲ್ಲಿ ಬರೆದಾಗಿತ್ತು. ಹೊಡೆದು ಬರೆದರೆ ಮೇಲಧಿಕಾರಿಯ ಸಹಿ ಬೇಕು, ಅವರು ಊಟಕ್ಕೆ ಹೋಗಿದ್ದಾರೆ ಎಂದರು. ಹಾಗಾಗಿ ಆ ಗೋಲು ಉಳಿಯಿತು.

ಸರ್ಟಿಫಿಕೇಟಿನಲ್ಲಿ ‘ಜಿಲ್ಲಾ ಮಟ್ಟ, ದ್ವಿತೀಯ ಸ್ಥಾನ’ ಎಂದು ಬಂತು. ಎರಡೇ ತಂಡ ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ, ನಾನೂ ಹೇಳಲಿಲ್ಲ. ಶ್ರೀಕಂಠಯ್ಯನವರು ಅದನ್ನು ಪ್ರಾರ್ಥನೆಯಲ್ಲಿ ಓದಿ, ಮೈದಾನದ ಪಶ್ಚಿಮದ ಅರ್ಧ ಇನ್ನು ಮುಂದೆ ಸಂಜೆ ಹೆಣ್ಣುಮಕ್ಕಳದು ಎಂದು ಘೋಷಿಸಿದರು. ಹುಡುಗಿಯರು ಚಪ್ಪಾಳೆ ತಟ್ಟಲಿಲ್ಲ. ಪ್ರಾರ್ಥನೆ ಮುಗಿದ ಕೂಡಲೇ ಓಡಿಹೋಗಿ ಆ ಅರ್ಧದಲ್ಲಿ ಸುಮ್ಮನೆ ನಿಂತುಕೊಂಡರು. ನನಗೆ ಅಳು ಬಂತು, ಸೀಟಿ ಊದಿ ತಡೆದುಕೊಂಡೆ.

ಬಷೀರ್ ಸಾಹೇಬರ ಫೋಟೋದ ಒಂದು ಪ್ರತಿಯನ್ನು ಪುಸ್ತಕದ ಕೊನೆಯ ಪುಟದಲ್ಲಿದ್ದ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದೆ. ಜೊತೆಗೆ ಇಂಗ್ಲಿಷ್ ಮೇಷ್ಟ್ರ ಹತ್ತಿರ ಒಂದು ಕಾಗದ ಬರೆಸಿದೆ: ಕಾರ್ಮೆನ್ ಮೇಡಂ, ಅವತ್ತು ನೀವು ಒದ್ದದ್ದು ಸರಿ, ನಾನು ಬೈದದ್ದು ತಪ್ಪು. ಇದು ನಮ್ಮ ಟೀಮು, ಇದು ನಮ್ಮ ಮೈದಾನ. ಉತ್ತರ ಬರಲಿಲ್ಲ.

ಮುಂದೆ ಹಾಸನದಲ್ಲಿ ತರಬೇತಿ ಶಿಬಿರ ಆಯಿತು, ನಿಯಮದ ಪುಸ್ತಕ ಕನ್ನಡದಲ್ಲೇ ಸಿಕ್ಕಿತು. ಶಿಬಿರದಲ್ಲಿ ನಾನು ಎದ್ದುನಿಂತು ನಾಯಿಯ ಸ್ಥಾನದ ಬಗ್ಗೆ ಒಂದು ಪ್ರಶ್ನೆ ಕೇಳಿದೆ. ಆ ನಗು ಎಷ್ಟು ಹೊತ್ತು ನಡೆಯಿತೆಂದರೆ ಟೀ ವಿರಾಮವನ್ನು ಮುಂಚೆಯೇ ಕೊಟ್ಟರು. ಊರಿಗೆ ಬಂದು ಹುಡುಗಿಯರಿಗೆ ಎಲ್ಲ ತಪ್ಪು ಕಲಿಸಿದ್ದೆ ಎಂದು ಒಪ್ಪಿಕೊಂಡೆ. ಗುಡ್ಡೆ ಬೀಳುವುದನ್ನು ಬಿಟ್ಟರು, ತಲೆಪಟ್ಟಿ ಬಿಟ್ಟರು. ನಾಯಿಯನ್ನು ಬಿಡಲು ಒಪ್ಪಲಿಲ್ಲ. ಕೆಂಚ ಸತ್ತ ಮೇಲೆ ಇನ್ನೊಂದು ಬಂತು. ಪಾಠ ಹೇಳುವವರು ತಪ್ಪನ್ನು ಒಪ್ಪಿಕೊಂಡರೆ ಮಕ್ಕಳು ಗೌರವ ಕೊಡುವುದಿಲ್ಲ ಎನ್ನುತ್ತಾರೆ, ನನ್ನ ಅನುಭವ ಹಾಗಿಲ್ಲ. ಆ ಮೇಲಿನ ವರ್ಷಗಳಲ್ಲಿ ನಾವು ಕೆಲವು ಆಟ ನಿಜವಾಗಿಯೂ ಗೆದ್ದೆವು. ಅವು ಅಷ್ಟು ನೆನಪಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ಮೈದಾನದ ವಿಷಯ ಮತ್ತೆ ಕುತ್ತಿಗೆಗೆ ಬಂತು. ಶಾಲೆಗೆ ಬಯಲು ರಂಗಮಂದಿರ ಮಂಜೂರಾಯಿತು. ವರ್ಷಕ್ಕೊಂದು ವಾರ್ಷಿಕೋತ್ಸವಕ್ಕೆ ಒಂದು ಸಿಮೆಂಟಿನ ವೇದಿಕೆ, ಹಿಂದೆ ಗೋಡೆ, ಮೇಲೆ ಕಮಾನು. ಎಂಜಿನಿಯರು ಬಂದು ಅಳತೆ ಮಾಡಿ ಸುಣ್ಣದ ಗೆರೆ ಹಾಕಿಹೋದರು. ಗೆರೆ ಬಿದ್ದದ್ದು ಸರಿಯಾಗಿ ನಮ್ಮ ಗೋಲಿನ ಮುಂದೆ. ಶ್ರೀಕಂಠಯ್ಯನವರು ನಿವೃತ್ತರಾಗಿ ಹೋಗಿದ್ದರು. ಹೊಸ ಹೆಡ್‌ಮಾಸ್ಟರು, ಆ ಅರ್ಧ ಹೆಣ್ಣುಮಕ್ಕಳದು ಎನ್ನುವುದಕ್ಕೆ ದಾಖಲೆ ಏನಿದೆ ಮೇಡಂ ಎಂದರು. ಆ ಘೋಷಣೆ ಬಾಯಿಮಾತಿನದು. ಕ್ರೀಡಾ ರಿಜಿಸ್ಟರನ್ನು ಗೆದ್ದಲು ತಿಂದಿತ್ತು. ಸರ್ಟಿಫಿಕೇಟನ್ನು ಶ್ರೀಕಂಠಯ್ಯನವರು ತಮ್ಮ ಸಾಧನೆಯೆಂದು ಕಟ್ಟುಹಾಕಿಸಿ ಊರಿಗೆ ಒಯ್ದಿದ್ದರು. ಶಾಲಾಭಿವೃದ್ಧಿ ಸಮಿತಿಯ ಸಭೆ ಸೋಮವಾರಕ್ಕೆ ನಿಗದಿಯಾಯಿತು. ನಿವೃತ್ತಿಗೆ ನನಗೆ ಹೆಚ್ಚು ವರ್ಷ ಉಳಿದಿರಲಿಲ್ಲ. ಬಂದಾಗ ಟ್ಯಾಂಕಿನ ಹಿಂದೆ ಇದ್ದ ಮಕ್ಕಳನ್ನು ಹೋಗುವಾಗಲೂ ಟ್ಯಾಂಕಿನ ಹಿಂದೆಯೇ ಬಿಟ್ಟು ಹೋಗಬೇಕಲ್ಲ ಎಂದು ಊಟ ಸೇರಲಿಲ್ಲ.

ಸಭೆಗೆ ಎರಡು ದಿನ ಮುಂಚೆ ಅಂಚೆಯವನು ಒಂದು ಪೊಟ್ಟಣ ತಂದ. ಸ್ಪೇನಿನಿಂದ. ಒಳಗೆ ಅದೇ ಇತಿಹಾಸ, ಹೊಸ ಮುದ್ರಣ, ಇನ್ನೂ ದಪ್ಪ. ತೆರೆದೆ. ಎಡಪುಟದಲ್ಲಿ ಅವರ ಆ ಮೊದಲ ಫೋಟೋ. ಬಲಪುಟದಲ್ಲಿ ನಮ್ಮದು. ಎರಡು ಸಾಲು, ಕೈಕಟ್ಟು, ತಲೆಪಟ್ಟಿ, ನಾಯಿ, ಬಕೆಟ್ಟು. ಹಿಂದೆ ಗೋಲಿನ ಕಂಬ, ಅದರ ಹಿಂದೆ ನಮ್ಮ ಶಾಲೆಯ ಬೋರ್ಡು, ಓದಲು ಬರುವಷ್ಟು ಸ್ಪಷ್ಟವಾಗಿ.

ಇಷ್ಟರಲ್ಲಿ ಹಳೇಬೀಡಿನ ಗೈಡ್ ನಾಗೇಶ ಸ್ಪ್ಯಾನಿಷ್ ಕಲಿತಿದ್ದ. ಹಳೆಯ ಪುಸ್ತಕವನ್ನು ಅವನಿಂದ ಓದಿಸಬಹುದಿತ್ತು. ಓದಿಸಿರಲಿಲ್ಲ. ನಿಜ ಹೇಳುತ್ತೇನೆ, ಭಯವಿತ್ತು. ಇಷ್ಟು ವರ್ಷ ನಾವು ಫೋಟೋ ನೋಡಿ ಕಟ್ಟಿಕೊಂಡ ಇತಿಹಾಸ ಒಂದು, ಅಲ್ಲಿ ಬರೆದಿರುವುದು ಇನ್ನೊಂದು ಎಂದು ಶಿಬಿರದಲ್ಲೇ ಅನುಮಾನ ಬಂದಿತ್ತು. ಆದರೆ ಈಗ ದಾಖಲೆ ಬೇಕು. ನಾಗೇಶನನ್ನು ಸಭೆಗೇ ಕರೆದುಕೊಂಡು ಹೋದೆ.

ಸಭೆಯಲ್ಲಿ ಅಧ್ಯಕ್ಷ ತಿಮ್ಮೇಗೌಡರು, ಎಂಜಿನಿಯರು, ಹೆಡ್‌ಮಾಸ್ಟರು, ಗ್ರಾಮ ಪಂಚಾಯ್ತಿಯ ಪರವಾಗಿ ಸದಸ್ಯೆ ಮಂಜುಳ. ಹೌದು, ಅದೇ ಮಂಜುಳ, ಈಗ ಎರಡು ಮಕ್ಕಳ ತಾಯಿ. ಗಂಗಮ್ಮ ಮೊಮ್ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ಕೂತಿದ್ದರು.

ನಾಗೇಶ ಎಡಪುಟದ ಅಡಿಬರಹ ಓದತೊಡಗಿದ. ತಲೆಗೆ ಪಟ್ಟಿ ಕಟ್ಟಿದವಳು ಬಟ್ಟೆ ಬದಲಿಸುವ ಕೋಣೆಯ ಗಿಡ್ಡ ಬಾಗಿಲಿಗೆ ತಲೆ ಬಡಿದುಕೊಂಡಿದ್ದಳು, ಎರಡು ವರ್ಷದ ನಂತರ ಇನ್ನೊಬ್ಬಳು ಅದೇ ಬಾಗಿಲಿಗೆ ಬಡಿದುಕೊಂಡಳು. ನಾಯಿ ಯಾರದೆಂದು ಇಂದಿಗೂ ಗೊತ್ತಿಲ್ಲ, ಕ್ಯಾಮೆರಾ ಕಂಡರೆ ಬಂದು ಕೂರುತ್ತಿತ್ತು, ಓಡಿಸಿದರೂ ಹೋಗುತ್ತಿರಲಿಲ್ಲ. ಬಲಗಡೆಯ ಹೆಂಗಸು ಕ್ಲಬ್ಬಿನವಳೇ ಅಲ್ಲ. ಪಕ್ಕದ ಮನೆಯವಳು, ತನ್ನ ಬಕೆಟ್ಟನ್ನು ವಾಪಸ್ಸು ಕೇಳಲು ಬಂದಿದ್ದಳು.

ತಿಮ್ಮೇಗೌಡರು ಮೇಜು ಬಡಿದು ನಕ್ಕರು. ಎಂಜಿನಿಯರು ಕಣ್ಣೊರೆಸಿಕೊಂಡರು. ಭೂಮಿ ಬಾಯಿ ಬಿಡಬಾರದೆ ಎನಿಸಿತು ನನಗೆ. ನಾಗೇಶ ಬಲಪುಟಕ್ಕೆ ಬಂದ. ಮೊದಲು ಮನಸ್ಸಿನಲ್ಲೇ ಓದಿಕೊಂಡ. ಆಮೇಲೆ ಗೈಡಿನ ಗಂಟಲು ಬಿಟ್ಟು ಮೆಲ್ಲಗೆ ಕನ್ನಡದಲ್ಲಿ ಹೇಳಿದ:

‘ಇವರು ಭಾರತದ ಹಳೇಬೀಡಿನ ಹತ್ತಿರದ ಹುಡುಗಿಯರು, ತಮ್ಮ ಮೈದಾನದಲ್ಲಿ. ನಮ್ಮ ಕಾರ್ಮೆನ್ ತೀರಿಕೊಂಡ ಮೇಲೆ ಅವರ ಮೇಜಿನಲ್ಲಿ ಈ ಫೋಟೋ ಸಿಕ್ಕಿತು. ನಮ್ಮ ಮೊದಲ ಮೈದಾನ ಈಗಿಲ್ಲ. ಅಲ್ಲಿ ಕಟ್ಟಡ ಬಂತು, ನಾವು ತಡೆಯಲಿಲ್ಲ. ನಮ್ಮ ನಾಯಿ, ನಮ್ಮ ಬಕೆಟ್ಟು, ನಮ್ಮ ಹನ್ನೊಂದು ಜನ ಹಳೇಬೀಡಿನಲ್ಲಿ ಕ್ಷೇಮವಾಗಿದ್ದಾರೆ.’

ಯಾರೂ ನಗಲಿಲ್ಲ. ಕಾರ್ಮೆನ್ ಮೇಡಂ ಹೋಗಿಬಿಟ್ಟಿದ್ದಾರೆ ಎನ್ನುವುದು ನನಗೂ ಆಗಲೇ ತಿಳಿದದ್ದು. ಆಕೆ ಮಂಡಿಯ ಮೇಲೆ ಬಾಲು ಕುಣಿಸಿದ್ದು ಕಣ್ಣಿಗೆ ಕಟ್ಟಿತು. ಅಂಥವರಿಗೆ ಬೈದ ಬೆರಳು ಇದೇ ಅಲ್ಲವೇ ಎಂದು ಕೈ ನೋಡಿಕೊಂಡೆ.

ಮಂಜುಳ ಎದ್ದುನಿಂತಳು. ‘ನಾನು ಗೋಲು ಕಾಯ್ತಿದ್ದ ಜಾಗ ಅದು ಗೌಡ್ರೆ. ಒಂಬತ್ತು ಗೋಲು ಬಿಟ್ಟಿವ್ನಿ. ಜಾಗ ಮಾತ್ರ ಬಿಡಕಿಲ್ಲ’ ಎಂದಳು.

ತಿಮ್ಮೇಗೌಡರು ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು ಬೋರ್ಡಿನ ಮೇಲೆ ಬೆರಳಿಟ್ಟು ಓದಿದರು. ಬೇರೆ ದೇಶದವರು ಅಚ್ಚು ಹಾಕಿದ ಮೇಲೆ ಇದಕ್ಕಿಂತ ದಾಖಲೆ ಏನು ಬೇಕು ಎಂದು ಎಂಜಿನಿಯರನ್ನು ಕೇಳಿದರು. ದೃಢೀಕರಿಸಿದ ಕನ್ನಡ ಅನುವಾದ ಬೇಕು ಸಾರ್ ಎಂದರು ಎಂಜಿನಿಯರು. ನಾಗೇಶ ಅಲ್ಲೇ ಕೂತು ಬರೆದುಕೊಟ್ಟ. ‘ನಾಯಿ (ವಾರಸುದಾರರು ಇಲ್ಲ)’ ಎಂಬ ಸಾಲಿನ ಕೆಳಗೆ ಹೆಡ್‌ಮಾಸ್ಟರು ಮೊಹರು ಒತ್ತಿ ಸಹಿ ಹಾಕಿದರು. ರಂಗಮಂದಿರ ನೀರಿನ ಟ್ಯಾಂಕಿನ ಪಕ್ಕದ ಪಟ್ಟಿ ಜಾಗಕ್ಕೆ ಹೋಯಿತು. ಈಗಲೂ ವಾರ್ಷಿಕೋತ್ಸವದಲ್ಲಿ ಅರ್ಧ ಪಾತ್ರಗಳು ಟ್ಯಾಂಕಿನ ಹಿಂದಿನಿಂದ ಮಾತಾಡುತ್ತವೆ. ಮೈದಾನದಲ್ಲಿ ಎಂಜಿನಿಯರು ಹಾಕಿದ್ದ ಸುಣ್ಣದ ಗೆರೆಯನ್ನು ಅಳಿಸಲು ನಾನು ಬಿಡಲಿಲ್ಲ. ಅಳತೆ ಸರಿಯಾಗಿತ್ತು, ಪೆನಾಲ್ಟಿ ಏರಿಯಾ ಮಾಡಿಕೊಂಡೆವು.

ಸಭೆ ಮುಗಿದು ಹೊರಗೆ ಬಂದಾಗ ಗಂಗಮ್ಮ ನಾಗೇಶನನ್ನು ತಡೆದು ನಿಲ್ಲಿಸಿದರು. ‘ಪಾಪ, ಆ ಯಮ್ಮನ ಬಕೀಟು ವಾಪಸ್ ಕೊಟ್ರಂತಾ?’ ಎಂದು ಕೇಳಿದರು. ನಾಗೇಶ ಜಗಲಿಯ ಮೇಲೆ ಕೂತು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಹುಡುಕಿದ. ಎಲ್ಲೂ ಬರೆದಿರಲಿಲ್ಲ.

ನಿವೃತ್ತಿಯ ದಿನ ಎರಡೂ ಪುಸ್ತಕಗಳನ್ನು ಶಾಲೆಯ ಬೀರುವಿನಲ್ಲಿಟ್ಟು, ಗೆದ್ದಲಿಗೆ ಪುಡಿ ಹಾಕಿ, ಬೀಗದ ಕೈ ಕೊಟ್ಟು ಬಂದೆ. ಕಾಫಿ ಕುಡಿದು ಹೋದ ಆ ಇಬ್ಬರು ಹುಡುಗಿಯರಿಗೆ ಅವತ್ತು ಹೇಳಬೇಕಾಗಿದ್ದದ್ದು ಬಹಳವೇನಲ್ಲ. ನಿಯಮ ಗೊತ್ತಿಲ್ಲದಿದ್ದರೂ ಮಕ್ಕಳನ್ನು ಮೈದಾನಕ್ಕೆ ಇಳಿಸಿ, ನಿಯಮ ಆಮೇಲೆ ಬರುತ್ತದೆ. ಮೈದಾನ ಒಮ್ಮೆ ಹೋದರೆ ಬರುವುದಿಲ್ಲ. ವರ್ಷಕ್ಕೊಂದು ಗುಂಪು ಫೋಟೋ ತಪ್ಪದೆ ತೆಗೆಸಿ, ಹಿಂದೆ ಶಾಲೆಯ ಬೋರ್ಡು ಕಾಣಲಿ. ಆ ಹೊತ್ತಿಗೆ ಯಾವುದಾದರೂ ನಾಯಿ ಬಂದು ಪಕ್ಕದಲ್ಲಿ ಕೂತರೆ, ದಯವಿಟ್ಟು ಓಡಿಸಬೇಡಿ.